ಹಿತ್ತಲದ ಹಳದಿ ಎಲೆ, ಹಸ್ತಾ ಮಳೆ

ಅಕ್ಟೋಬರ್ ಬಂದರೆ ಮೊಬೈಲಿನಲ್ಲಿ ಕಾಶ್ಮೀರದ ಚಿನಾರ್ ಮರಗಳ ಫೋಟೊ ಹರಿದಾಡುತ್ತವೆ. ಅಲ್ಲಿ ಹಗಲು ಕಿರಿದಾಗಿ ಚಳಿ ಇಳಿದಾಗ ಎಲೆಯ ಹಸಿರು ಕರಗಿ ಹಳದಿ, ಕೆಂಪು ಕಾಣುತ್ತದೆ. ನಮ್ಮ ರಾಯಚೂರಿನಲ್ಲಿ ಆಗಿನ್ನೂ ಸೆಕೆ. ಬೇವಿನ ಎಲೆ ಹಣ್ಣಾಗಿ ಉದುರುವುದೂ ಶಿವರಾತ್ರಿ ಆಸುಪಾಸಿಗೇ. ಹಾಗಾಗಿ ದಸರಾ ಹೊತ್ತಿಗೆ ಹಿತ್ತಲದ ಗಿಡ ಹಳದಿಯಾದರೆ, ಅದು ಋತುವಿನ ಬಣ್ಣವಲ್ಲ, ನೀರಿನ ಸುದ್ದಿ.

ಮೊದಲು ಆ ಸುದ್ದಿಗೆ ಒಂದೇ ಅರ್ಥವಿತ್ತು: ಮಳೆ ಕೈಕೊಟ್ಟಿತು. ಸೆಪ್ಟೆಂಬರ್ ಕೊನೆಗೆ ಹಸ್ತಾ, ಆಮೇಲೆ ಚಿತ್ತಾ, ಸ್ವಾತಿ. ಈ ಮಳೆಗಳ ಹಸಿ ಹಿಡಿದಿಟ್ಟುಕೊಂಡೇ ಎರೆ ಭೂಮಿ ಹಿಂಗಾರಿ ಬಿಳಿಜೋಳ, ಕಡಲೆ ಕೊಡುತ್ತಿತ್ತು. ಮಳೆ ತಪ್ಪಿದ 1876-78ರ ಧಾತು, ಈಶ್ವರ ಸಂವತ್ಸರಗಳ ಬರ ದಕ್ಷಿಣ ಭಾರತದಲ್ಲಿ ಲಕ್ಷಾಂತರ ಜೀವ ತೆಗೆಯಿತು. ಆಗ ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ಸೀಮೆಯನ್ನೂ ಅದು ಬಿಡಲಿಲ್ಲ. ದೇವದುರ್ಗ ತಾಲ್ಲೂಕಿನ ನಮ್ಮಜ್ಜಿ 1972ರ ಬರ ನೆನೆದಾಗ ಹೊಲಕ್ಕಿಂತ ಮೊದಲು ಹಿತ್ತಲದ ಮಾತು ತೆಗೆಯುತ್ತಿದ್ದಳು: "ನುಗ್ಗಿ ಗಿಡ ಹಳದಿ ಆತು, ಮುಂದ ಮನ್ಯಾಗ ಪಲ್ಯಾನ ಬಂದ್ ಆತು."

ಆಮೇಲೆ ಕಾಲುವೆ ಬಂತು. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟಿನಲ್ಲಿ 1953ಕ್ಕೆ ನೀರು ನಿಂತಿತು. ಎಡದಂಡೆ ಕಾಲುವೆ ಸಿಂಧನೂರು, ಮಾನ್ವಿ ದಾಟಿ ರಾಯಚೂರಿನವರೆಗೆ ಬಂತು. ದೇವದುರ್ಗದ ಕಡೆಗೆ ನಾರಾಯಣಪುರ ಬಲದಂಡೆ ಕಾಲುವೆ ಬಂತು. ಜೋಳದ ಹೊಲಗಳು ಭತ್ತದ ಗದ್ದೆಯಾದವು. ಕಾಲುವೆ ಅನ್ನ ಕೊಟ್ಟಿತು, ಅದನ್ನು ಮರೆಯುವಂತಿಲ್ಲ. ಆದರೆ ನೀರು ಬಸಿದು ಹೋಗದ ಎರೆ ಭೂಮಿಯಲ್ಲಿ ಸವಳು-ಜವಳು ಹೆಚ್ಚಿತು. ಬೇರಿಗೆ ಗಾಳಿ ಸಿಗದಿದ್ದರೂ ಎಲೆ ಹಳದಿಯಾಗುತ್ತದೆ. ಮಾನ್ವಿಯ ನಮ್ಮ ಸೋದರಮಾವನ ಹಿತ್ತಲದ ನಿಂಬೆ ಗಿಡ ಒಣಗಿದ್ದು ನೀರಿಲ್ಲದೆ ಅಲ್ಲ, ಬುಡದಲ್ಲಿ ನೀರು ನಿಂತು. ಹಳದಿ ಎಲೆಗೆ ಎರಡನೇ ಅರ್ಥ ಬಂದದ್ದು ಹೀಗೆ.

ರಾಯಚೂರಿನ ನಮ್ಮ ಬಾಡಿಗೆ ಮನೆಯಲ್ಲಿ ಹಿತ್ತಲವೆಂದರೆ ಎಂಟು ಕುಂಡ, ಒಂದು ಕರಿಬೇವು. ಬೋರಿನ ಸವಳು ನೀರು ಕುಡಿದು ದಾಸವಾಳದ ಎಲೆ ಬಿಳಿಚಿತ್ತು, ಅಂಚು ಸುಟ್ಟಿತ್ತು. ಹಸ್ತಾ ಮಳೆ ಎರಡು ರಾತ್ರಿ ಸುರಿದು ಕುಂಡದ ಉಪ್ಪು ತೊಳೆಯಿತು. ವಾರ ಕಳೆಯುವಷ್ಟರಲ್ಲಿ ಹೊಸ ಚಿಗುರು. ಅವ್ವ ಚಿಗುರು ಮುಟ್ಟಿ, "ನಾವು ದಿನಾ ಕೊಡ ಹೊತ್ತರೂ ಇದು ಆಗಲಿಲ್ಲ ನೋಡು" ಅಂದಳು.

ಇದೇ ಹಸ್ತಾ ಮಳೆ 2009ರಲ್ಲಿ ಮಿತಿ ಮೀರಿ ಸುರಿದು ಕೃಷ್ಣಾ, ತುಂಗಭದ್ರಾ ದಂಡೆಯ ಊರುಗಳನ್ನು ಮುಳುಗಿಸಿದ್ದೂ ನಮಗೆ ನೆನಪಿದೆ. ಬಂದ ಮಳೆಯಷ್ಟೇ ಅದು ಹರಿದು ಹೋಗುವ ದಾರಿಯೂ ಮುಖ್ಯ.

ನಿಮ್ಮ ಹಿತ್ತಲದಲ್ಲಿ ಎಲೆ ಹಳದಿಯಾಗಿದ್ದರೆ ಕೊಡ ಎತ್ತುವ ಮೊದಲು ಬುಡದ ಮಣ್ಣು ಒಂದು ಗೇಣು ಕೆದಕಿ ನೋಡಿ. ಒಣಗಿದ್ದರೆ ನೀರು ಕೊಡಿ. ಕೆಸರಿದ್ದರೆ ನೀರು ಹೋಗಲು ದಾರಿ ಕೊಡಿ.