ಓದಿ ಎಸೆದ ಪುಸ್ತಕಗಳ ಬೆಲೆ

1938ರ ಏಪ್ರಿಲ್‌ನಲ್ಲಿ ಅಮೆರಿಕದ ಪತ್ರಿಕೆ ಅಂಗಡಿಗಳಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆ ಹತ್ತು ಸೆಂಟಿಗೆ ಸಿಗುತ್ತಿತ್ತು. ನೀಲಿ ಉಡುಪಿನ, ಕೆಂಪು ಹೊದಿಕೆಯ ಗಟ್ಟಿಗನೊಬ್ಬ ಹಸಿರು ಕಾರನ್ನು ತಲೆಯ ಮೇಲೆತ್ತಿ ಬಂಡೆಗೆ ಬಡಿಯುತ್ತಿರುವ ಮುಖಪುಟ ಅದರದು. ಸೂಪರ್‌ಮ್ಯಾನ್ ಲೋಕಕ್ಕೆ ಕಾಣಿಸಿಕೊಂಡದ್ದು ಹೀಗೆ. ಅಚ್ಚಾದದ್ದು ಸುಮಾರು ಎರಡು ಲಕ್ಷ ಪ್ರತಿ; ಈಗ ಉಳಿದಿರುವುದು ನೂರರ ಆಸುಪಾಸು ಎಂಬುದು ವ್ಯಾಪಾರಿಗಳ ಅಂದಾಜು. ಅವುಗಳಲ್ಲೊಂದು 2024ರ ಏಪ್ರಿಲ್‌ನಲ್ಲಿ ಹೆರಿಟೇಜ್ ಸಂಸ್ಥೆಯ ಹರಾಜಿನಲ್ಲಿ 60 ಲಕ್ಷ ಡಾಲರಿಗೆ ಹೋಯಿತು. ಮರುವರ್ಷ ನವೆಂಬರಿನಲ್ಲಿ, 1939ರ ‘ಸೂಪರ್‌ಮ್ಯಾನ್’ ಪತ್ರಿಕೆಯ ಮೊದಲ ಸಂಚಿಕೆಗೆ ಅದೇ ಸಂಸ್ಥೆಯಲ್ಲಿ 91 ಲಕ್ಷ 20 ಸಾವಿರ ಡಾಲರ್ ಬಂತು. ತೀರಿಕೊಂಡ ತಾಯಿಯ ಮನೆಯ ಅಟ್ಟವನ್ನು ಖಾಲಿ ಮಾಡುತ್ತಿದ್ದ ಮೂವರು ಅಣ್ಣತಮ್ಮಂದಿರಿಗೆ ಹಳೆಯ ದಿನಪತ್ರಿಕೆಗಳ ಅಡಿಯಲ್ಲಿ ಸಿಕ್ಕಿದ್ದ ಪ್ರತಿ ಅದು.

ಈ ಬೆಲೆಯನ್ನು ಬೆಳೆಸಿದ್ದು ಕೆಲವರ ಜೋಪಾನಕ್ಕಿಂತ ಹೆಚ್ಚಾಗಿ ಎಲ್ಲರ ಉದಾಸೀನ. ಕಾಮಿಕ್ಸ್ ಅಚ್ಚಾಗುತ್ತಿದ್ದುದೇ ಅಗ್ಗದ ನ್ಯೂಸ್‌ಪ್ರಿಂಟಿನ ಮೇಲೆ. ಮರದ ತಿರುಳಿನ ಲಿಗ್ನಿನ್ ಅದರಲ್ಲಿ ಹಾಗೇ ಉಳಿದಿರುತ್ತದೆ; ಗಾಳಿ ಬೆಳಕು ತಾಕಿದಂತೆ ಕಾಗದದಲ್ಲಿ ಆಮ್ಲ ಹೆಚ್ಚಿ ಹಾಳೆ ಮೊದಲು ಹಳದಿ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ, ಕೊನೆಗೆ ಬೆರಳಲ್ಲೇ ಪುಡಿಯಾಗುತ್ತದೆ. ಹುಡುಗರು ಅದನ್ನು ಸುರುಳಿ ಸುತ್ತಿ ಜೇಬಿಗೆ ತುರುಕುತ್ತಿದ್ದರು, ಗೆಳೆಯರಿಗೆ ಕೊಟ್ಟು ಬೇರೊಂದು ತರುತ್ತಿದ್ದರು. ಎರಡನೇ ಮಹಾಯುದ್ಧ ಬಂದಾಗ ದೇಶಕ್ಕಾಗಿ ರದ್ದಿ ಕಾಗದ ಕೂಡಿಸುವ ಅಭಿಯಾನಗಳು ನಡೆದು, ಮನೆಮನೆಯ ಕಾಮಿಕ್ಸ್ ರಾಶಿಗಳು ಹೊರಟುಹೋದವು. ಸೂಪರ್‌ಮ್ಯಾನ್, ಬ್ಯಾಟ್‌ಮ್ಯಾನ್, ಕ್ಯಾಪ್ಟನ್ ಅಮೆರಿಕರ ಮೊದಲ ಸಂಚಿಕೆಗಳು ಈ ಜರಡಿಯಲ್ಲೇ ಜಾರಿದವು. ಯುದ್ಧ ಮುಗಿದ ಮೇಲೆ ಎದ್ದದ್ದು ನೀತಿಯ ಗಾಳಿ. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗಮ್ಟನ್ನಿನಲ್ಲಿ ಶಾಲೆಯ ಮಕ್ಕಳೇ ಕಾಮಿಕ್ಸ್ ಗುಡ್ಡೆ ಹಾಕಿ ಬೆಂಕಿ ಇಟ್ಟರು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಬರೆದ ಪುಸ್ತಕವೊಂದು ಮಕ್ಕಳು ಹಾದಿ ತಪ್ಪುವುದಕ್ಕೆ ಈ ಪುಸ್ತಕಗಳೇ ಕಾರಣವೆಂದಿತು. ಅಮೆರಿಕದ ಸೆನೆಟ್ ವಿಚಾರಣೆ ನಡೆಸಿತು. ಪ್ರಕಾಶಕರು ಹೆದರಿ ತಮಗೆ ತಾವೇ ‘ಕಾಮಿಕ್ಸ್ ಕೋಡ್’ ಎಂಬ ಕಟ್ಟುಪಾಡು ಹಾಕಿಕೊಂಡರು. ಇಂಥ ಹೊತ್ತಿನಲ್ಲಿ ಮಗನ ಪೆಟ್ಟಿಗೆಯನ್ನು ಕಸಕ್ಕೆ ಸುರಿದ ತಾಯಂದಿರನ್ನು ದೂರುವುದು ಸಂಗ್ರಾಹಕರ ಹಳೆಯ ಚಟ. ನನ್ನನ್ನು ಕೇಳಿದರೆ, ಇಂದಿನ ಹರಾಜು ಮನೆಗಳು ಆ ತಾಯಂದಿರಿಗೆ ಋಣಿಯಾಗಿರಬೇಕು.

ಹಳೆಯ ಕಾಮಿಕ್ಸ್‌ನಲ್ಲಿ ವ್ಯಾಪಾರವಿದೆ ಎಂದು ಬಹಳ ಮೊದಲೇ ಕಂಡವರಲ್ಲಿ ಕ್ಯಾನ್ಸಸ್‌ನ ಕಾಂಕಾರ್ಡಿಯಾ ಎಂಬ ಸಣ್ಣ ಊರಿನ ‘ಪಾಪ್’ ಹಾಲಿಂಜರ್ ಒಬ್ಬ. 1940ರ ಸುಮಾರಿಗೇ ಅವನು ಓದಿದ ಪುಸ್ತಕ ಕೊಂಡು ಮಾರುತ್ತಿದ್ದ. ಬಾಳಿಕೆ ಬರಲೆಂದು ಬೆನ್ನಿಗೆ ಕಂದು ಟೇಪು ಅಂಟಿಸಿ, ಹೆಚ್ಚಿಗೆ ಪಿನ್ನು ಹೊಡೆಯುತ್ತಿದ್ದ. ಅವನ ಮಟ್ಟಿಗೆ ಅದು ಪುಸ್ತಕ, ನಾಲ್ಕು ಕೈ ದಾಟಬೇಕಾದ ವಸ್ತು. ಅವನ ಕೈಯಿಂದ ಹೀಗೆ ಗಟ್ಟಿಯಾಗಿ ಉಳಿದ ಪ್ರತಿಗಳನ್ನು ಇಂದಿನ ಸಂಗ್ರಾಹಕ ನೋಡಿದರೆ ಹಣೆ ಚಚ್ಚಿಕೊಳ್ಳುತ್ತಾನೆ.

ಸಂಗ್ರಹಕ್ಕೆ ಒಂದು ಶಿಸ್ತು ಬಂದದ್ದು 1961ರಲ್ಲಿ. ಡೆಟ್ರಾಯಿಟ್‌ನಲ್ಲಿ ಪಾಠ ಹೇಳುತ್ತಿದ್ದ ಜೆರ್ರಿ ಬೇಲ್ಸ್, ಮಿಸ್ಸೌರಿಯ ಶಿಕ್ಷಕ ರಾಯ್ ಥಾಮಸ್ ಸೇರಿ ‘ಆಲ್ಟರ್ ಈಗೋ’ ಎಂಬ ಪತ್ರಿಕೆಯನ್ನು ಸ್ವಂತ ಖರ್ಚಿನಲ್ಲಿ ನಕಲು ತೆಗೆದು ಅಂಚೆಯಲ್ಲಿ ಹಂಚಿದರು. ಬೇಲ್ಸ್‌ಗೆ ಬೇಕಿದ್ದದ್ದು ಬಾಲ್ಯದಲ್ಲಿ ಓದಿದ ಕಥೆಗಳು. ಅವುಗಳ ಜೊತೆಗೆ ಲೆಕ್ಕ. ಯಾವ ಸಂಚಿಕೆಯಲ್ಲಿ ಯಾರು ಮೊದಲು ಕಾಣಿಸಿಕೊಂಡರು, ಬರೆದವರಾರು, ಚಿತ್ರ ಯಾರದು? ಆ ಕಾಲದ ಪುಸ್ತಕಗಳಲ್ಲಿ ಅನೇಕ ಬಾರಿ ಕಲಾವಿದನ ಹೆಸರೇ ಇರುತ್ತಿರಲಿಲ್ಲ, ಹಾಗಾಗಿ ಕುಂಚದ ವರಸೆ ನೋಡಿಯೇ ಗುರುತಿಸಬೇಕಿತ್ತು. ಆಗಿನ ಅಭಿಮಾನಿಗಳು ಕಟ್ಟಿದ ಈ ಸೂಚಿಗಳೇ ಮುಂದೆ ವ್ಯಾಪಾರದ ಅಡಿಪಾಯವಾದವು. ‘ಮೊದಲು ಕಾಣಿಸಿಕೊಂಡ’ ಸಂಚಿಕೆ ಯಾವುದೆಂದು ಗೊತ್ತಿಲ್ಲದ ಕಡೆ ಅದಕ್ಕೆ ಹೆಚ್ಚು ಬೆಲೆ ಕಟ್ಟುವವರು ಯಾರು?

ಇಲ್ಲೊಂದು ಮಾತು. ಮೈಗಂಟಿದ ಉಡುಪು, ಮುಖವಾಡದ ವೀರ ಸೂಪರ್‌ಮ್ಯಾನ್‌ಗಿಂತ ಮೊದಲೇ ಹುಟ್ಟಿದ್ದ. ಲೀ ಫಾಕ್‌ನ ಫ್ಯಾಂಟಮ್ 1936ರಲ್ಲೇ ಬಂದವನು. ನಮ್ಮ ಕಡೆಯ ಒಂದು ತಲೆಮಾರಿಗೆ 1964ರಲ್ಲಿ ಶುರುವಾದ ಇಂದ್ರಜಾಲ ಕಾಮಿಕ್ಸ್‌ನಿಂದ ಪರಿಚಿತ. ಆದರೂ ಹರಾಜಿನ ಸುದ್ದಿಗಳಲ್ಲಿ ಅವನ ಹೆಸರು ಅಪರೂಪ. ಅವನು ಹುಟ್ಟಿದ್ದು ದಿನಪತ್ರಿಕೆಯ ಪಟ್ಟಿಚಿತ್ರದಲ್ಲಿ. ಅಂದಿನ ಪತ್ರಿಕೆಯಿಂದ ಕತ್ತರಿಸಿದ ತುಣುಕಿಗೆ ಸಂಖ್ಯೆಯಿಲ್ಲ, ಮುಖಪುಟವಿಲ್ಲ. ಸಂಗ್ರಾಹಕನ ಹುಚ್ಚಿಗೆ ‘ನಂಬರ್ 1’ ಎಂದು ನಮೂದಿಸಿದ, ಒಂದರ ಪಕ್ಕ ಒಂದು ಜೋಡಿಸಬಹುದಾದ ವಸ್ತು ಬೇಕು.

1970ರಲ್ಲಿ ಟೆನ್ನೆಸ್ಸಿಯ ರಾಬರ್ಟ್ ಓವರ್‌ಸ್ಟ್ರೀಟ್ ಮೊದಲ ದರಪಟ್ಟಿ ಹೊರತಂದ. ಅಷ್ಟರವರೆಗೆ ಒಂದೊಂದು ಊರಿನಲ್ಲಿ ಒಂದೊಂದು ರೇಟು, ಮಾರುವವನ ಮುಖ ನೋಡಿ ಚೌಕಾಸಿ. ದರಪಟ್ಟಿ ಬಂದದ್ದೇ ತಡ, ಎಲ್ಲರೂ ಅದನ್ನೇ ತೋರಿಸತೊಡಗಿದರು. ಅದರಲ್ಲಿ ‘ಆ್ಯಕ್ಷನ್’ ಮೊದಲ ಸಂಚಿಕೆಗೆ 300 ಡಾಲರ್ ಎಂದಿತ್ತು. ಕೆಲವೇ ವರ್ಷಗಳಲ್ಲಿ ಒಂದು ಪ್ರತಿ 1,800 ಡಾಲರಿಗೆ ಮಾರಾಟವಾದದ್ದು ಪತ್ರಿಕೆಗಳ ಸುದ್ದಿಯಾಯಿತು. ಅದೇ 1970ರಲ್ಲಿ ಸ್ಯಾನ್ ಡಿಯಾಗೋದ ಮೊದಲ ಸಮ್ಮೇಳನವೂ ನಡೆಯಿತು. ‘ಸುವರ್ಣ ಯುಗ’, ‘ರಜತ ಯುಗ’ ಎಂಬ ವಿಂಗಡಣೆ ಬಾಯಿಂದ ಬಾಯಿಗೆ ಹರಡಿ ನಿಂತಿತು: 1938ರಿಂದ ಯುದ್ಧಕಾಲದವರೆಗಿನದು ಮೊದಲನೆಯದು, 1956ರಲ್ಲಿ ‘ಶೋಕೇಸ್’ ನಾಲ್ಕನೇ ಸಂಚಿಕೆಯ ಹೊಸ ಫ್ಲ್ಯಾಶ್‌ನಿಂದ ಶುರುವಾಗಿ, ‘ಫೆಂಟಾಸ್ಟಿಕ್ ಫೋರ್’, ಸ್ಪೈಡರ್‌ಮ್ಯಾನ್‌ಗಳನ್ನು ಒಳಗೊಳ್ಳುವುದು ಎರಡನೆಯದು.

1977ರಲ್ಲಿ ಕೊಲರಾಡೋದಲ್ಲಿ ಸಿಕ್ಕ ಒಂದು ಮನೆಯ ಸಂಗ್ರಹ ಈ ಹವ್ಯಾಸದ ಕಣ್ಣನ್ನೇ ಬದಲಿಸಿತು. ಜಾಹೀರಾತು ಚಿತ್ರ ಬರೆಯುತ್ತಿದ್ದ ಎಡ್ಗರ್ ಚರ್ಚ್, ತನ್ನ ಕೆಲಸಕ್ಕೆ ಆಕರವಾದೀತೆಂದು ಕಾಮಿಕ್ಸ್ ಕೊಂಡು ಒಪ್ಪವಾಗಿ ಪೇರಿಸುತ್ತಾ ಬಂದಿದ್ದ. ಎತ್ತರದ ಆ ಸೀಮೆಯ ಒಣ, ತಂಪು ಹವೆಯಲ್ಲಿ ಹದಿನೆಂಟು ಸಾವಿರಕ್ಕೂ ಹೆಚ್ಚು ಸಂಚಿಕೆಗಳು ಅಂಗಡಿಯಿಂದ ಆಗಷ್ಟೇ ತಂದಂತೆ ಉಳಿದಿದ್ದವು. ಯುವ ವ್ಯಾಪಾರಿ ಚಕ್ ರೊಜಾನ್ಸ್ಕಿ ಅವನ್ನು ಕೊಂಡು, ಓವರ್‌ಸ್ಟ್ರೀಟ್ ದರಕ್ಕಿಂತ ಹೆಚ್ಚಿಗೆ ಕೇಳತೊಡಗಿದಾಗ ಬೈದವರಿದ್ದರು. ಆದರೆ ಕೊಂಡವರೂ ಅವರೇ. ಮುಖಪುಟದ ಹೊಳಪು, ಬಿಳಿ ಹಾಳೆ, ಮಡಿಕೆಯಿಲ್ಲದ ಮೂಲೆ ಇವೆಲ್ಲ ಅಂದಿನಿಂದ ಕಥೆಗಿಂತ ದೊಡ್ಡ ಸಂಗತಿಗಳಾದವು. ಈ ಸಂಗ್ರಹದಿಂದ ಬಂದ ‘ಮೈಲ್ ಹೈ’ ಪ್ರತಿ ಎಂದರೆ ಕುಲಗೋತ್ರ ಹೇಳಿದಂತಾಯಿತು.

ಆಮೇಲಿನ ಕಥೆ ದುರಾಸೆಯದು, ಬೇಗ ಹೇಳಿಬಿಡಬಹುದು. ಕಾಮಿಕ್ಸ್‌ಗೆಂದೇ ಅಂಗಡಿಗಳು ತೆರೆದವು, ಎಲ್ಲರೂ ಕೂಡಿಡಲು ಶುರುಮಾಡಿದರು. ಪ್ರಕಾಶಕರು ಸಂಗ್ರಾಹಕರಿಗೆಂದೇ ಮಿರುಗುವ ಮುಖಪುಟ, ಮೊಹರು ಮಾಡಿದ ಚೀಲ ಹೊರತಂದರು. 1991ರ ‘ಎಕ್ಸ್‌-ಮೆನ್’ ಮೊದಲ ಸಂಚಿಕೆ 80 ಲಕ್ಷ ಪ್ರತಿ ದಾಟಿತು. 1992ರಲ್ಲಿ ಸೂಪರ್‌ಮ್ಯಾನ್ ಸಾಯುವ ಸಂಚಿಕೆಯನ್ನು ಜನ ಕಪ್ಪು ಚೀಲ ಬಿಚ್ಚದೆ ಮಗಳ ಮದುವೆ ಖರ್ಚಿಗೆಂಬಂತೆ ಬೀರುವಿನಲ್ಲಿಟ್ಟರು. ಲಕ್ಷಾಂತರ ಮನೆಗಳಲ್ಲಿ ಇರುವ ವಸ್ತು ಅಪರೂಪವಾಗುವುದು ಹೇಗೆಂದು ಕೇಳಿಕೊಳ್ಳುವ ವ್ಯವಧಾನ ಯಾರಿಗೂ ಇರಲಿಲ್ಲ. ಬೆಲೆ ಕುಸಿಯಿತು, ಅಂಗಡಿಗಳು ಸಾಲಾಗಿ ಬಾಗಿಲು ಹಾಕಿದವು, 1996ರ ಡಿಸೆಂಬರಿನಲ್ಲಿ ಮಾರ್ವೆಲ್ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಅದಕ್ಕೆ ಎದುರಾಗಿ, ವುಲ್ವರಿನ್ ಪೂರ್ತಿಯಾಗಿ ರಂಗಕ್ಕಿಳಿದ 1974ರ ‘ಹಲ್ಕ್’ 181ನೇ ಸಂಚಿಕೆಯನ್ನು ನೋಡಿ. ಮಾರ್ವೆಲ್ ಆಗ ಓದುಗರ ಪತ್ರಗಳ ಪುಟದಲ್ಲಿ ಕತ್ತರಿಸಿ ಅಂಟಿಸಿಕೊಳ್ಳುವ ಚಿತ್ರ ಮುದ್ರೆ ಕೊಡುತ್ತಿತ್ತು, ಮಕ್ಕಳು ಕತ್ತರಿ ಹಾಕಿದರು. ಮುದ್ರೆ ಹೋದ ಪ್ರತಿಗೂ ಇದ್ದ ಪ್ರತಿಗೂ ಇಂದು ಬೆಲೆಯಲ್ಲಿ ಅಜಗಜಾಂತರ. ಕೊಳ್ಳುವ ಮೊದಲು ಒಳಪುಟ ತಿರುವಿ ಆ ಜಾಗ ನೋಡುವುದು ರೂಢಿ.

ತಿರುವಿ ನೋಡುವ ಆ ರೂಢಿಗೂ ಕುತ್ತು ಬಂದದ್ದು 2000ದಲ್ಲಿ, ‘ಸಿಜಿಸಿ’ ಎಂಬ ಸಂಸ್ಥೆ ಶುರುವಾದಾಗ. ನಾಣ್ಯಗಳಿಗೆ ದರ್ಜೆ ಕಟ್ಟುವ ಸೋದರ ಸಂಸ್ಥೆಯ ಪದ್ಧತಿಯನ್ನೇ ಅದು ಇಲ್ಲಿಗೆ ತಂದಿತು. ಪುಸ್ತಕ ಕಳಿಸಿದರೆ ಪರೀಕ್ಷಕರು ಪುಟ ಎಣಿಸಿ, ಗಾಯ ಹುಡುಕಿ, 0.5ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ವಾಪಸ್ ಕಳಿಸುತ್ತಾರೆ. ಅಂತರ್ಜಾಲದಲ್ಲಿ ಕಾಣದ ಊರಿನವನಿಂದ ಕೊಳ್ಳುವವನಿಗೆ ಇದು ವರವೇ. ಬೆಲೆ ಏರಿದ್ದೂ ಇದರಿಂದಲೇ. ಆದರೆ ಡಬ್ಬಿಯೊಳಗಿನ ಪುಸ್ತಕವನ್ನು ಮಾಲೀಕನೂ ಓದುವಂತಿಲ್ಲ. ಒಡೆದರೆ ಅಂಕ ಹೋಯಿತು.

ಹಾಲಿಂಜರ್‌ನ ಟೇಪಿಗೆ ಬಂದ ಗತಿ ಆಗ ನುರಿತ ಕುಶಲಕರ್ಮಿಗಳಿಗೂ ಬಂತು. 1980ರ ದಶಕದಲ್ಲಿ ಹರಿದ ಮುಖಪುಟಕ್ಕೆ ತೇಪೆ ಹಾಕಿ, ಉದುರಿದ ಬಣ್ಣ ತುಂಬಿಸುವುದು ಮೆಚ್ಚುಗೆಯ ಕೆಲಸವಾಗಿತ್ತು. ಸಿಜಿಸಿ ಅಂಥ ಪ್ರತಿಗಳಿಗೆ ನೇರಳೆ ಚೀಟಿ ಹಚ್ಚಿತು, ದುರಸ್ತಿಯೇ ಕಳಂಕವಾಯಿತು. ಒಂದು ಕಾಲದಲ್ಲಿ ಕಾಸು ಕೊಟ್ಟು ಬಣ್ಣ ಹಾಕಿಸಿದವರು ಈಗ ಕಾಸು ಕೊಟ್ಟು ಅದನ್ನು ತೆಗೆಸುತ್ತಾರೆ. ಆದರೆ ಬಿಸಿ, ತೇವ ಕೊಟ್ಟು ಒತ್ತಿ ಸುಕ್ಕು ತೆಗೆಯುವುದನ್ನು ದುರಸ್ತಿ ಎನ್ನುವುದಿಲ್ಲ. ಯಾಕೆ ಅದು ತಪ್ಪು, ಇದು ಸರಿ ಎಂಬುದಕ್ಕೆ ನನಗೆ ಒಪ್ಪುವಂಥ ಉತ್ತರ ಈವರೆಗೆ ಕಂಡಿಲ್ಲ.

2010ರ ಫೆಬ್ರವರಿಯಲ್ಲಿ ‘ಆ್ಯಕ್ಷನ್’ ಮೊದಲ ಸಂಚಿಕೆ ಹತ್ತು ಲಕ್ಷ ಡಾಲರ್ ಮುಟ್ಟಿತು. ಮೂರೇ ದಿನಕ್ಕೆ, ಬ್ಯಾಟ್‌ಮ್ಯಾನ್ ಹುಟ್ಟಿದ 1939ರ ‘ಡಿಟೆಕ್ಟಿವ್ ಕಾಮಿಕ್ಸ್’ 27ನೇ ಸಂಚಿಕೆ ಅದನ್ನು ಹಿಂದಿಕ್ಕಿತು. ನಟ ನಿಕೊಲಸ್ ಕೇಜ್ ಮನೆಯಿಂದ 2000ದಲ್ಲಿ ಕಳುವಾಗಿದ್ದ ‘ಆ್ಯಕ್ಷನ್’ ಪ್ರತಿ 2011ರಲ್ಲಿ ಕ್ಯಾಲಿಫೋರ್ನಿಯಾದ ಗೋದಾಮಿನಲ್ಲಿ ಸಿಕ್ಕಿ, ಅದೇ ವರ್ಷ 21 ಲಕ್ಷ 60 ಸಾವಿರ ಡಾಲರಿಗೆ ಹೋಯಿತು. ಕಳ್ಳತನವೂ ವಂಶಾವಳಿಯ ಭಾಗವಾಯಿತು. ಸ್ಪೈಡರ್‌ಮ್ಯಾನ್ ಮೊದಲು ಕಂಡ ‘ಅಮೇಝಿಂಗ್ ಫ್ಯಾಂಟಸಿ’ 15ನೇ ಸಂಚಿಕೆ, ಸಿನಿಮಾಗಳ ಬೆನ್ನೇರಿ, 2021ರಲ್ಲಿ 36 ಲಕ್ಷ ಡಾಲರ್ ಮುಟ್ಟಿತು. 2013ರಲ್ಲಿ ಮಿನ್ನೆಸೋಟಾದಲ್ಲಿ ಹಳೆಯ ಮನೆ ಕೊಂಡವನಿಗೆ ಗೋಡೆಯೊಳಗೆ ತುಂಬಿದ್ದ ಕಾಗದಗಳ ನಡುವೆ ಒಂದು ‘ಆ್ಯಕ್ಷನ್’ ಸಿಕ್ಕಿತು. ಬಂಧುಗಳೊಡನೆ ಎಳೆದಾಟವಾಗಿ ಹಿಂಬದಿಯ ರಕ್ಷಾಪುಟ ಹರಿಯಿತು. ದರ್ಜೆ 1.5ಕ್ಕೆ ಬಿತ್ತು, ಆದರೂ 1 ಲಕ್ಷ 75 ಸಾವಿರ ಡಾಲರ್ ಬಂತು.

ಇಷ್ಟೆಲ್ಲ ಲಕ್ಷಗಳ ನಡುವೆ, ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಜೆರ್ರಿ ಸೀಗಲ್, ಜೋ ಶುಸ್ಟರ್ ಅವನ ಹಕ್ಕು ಮಾರಿದ್ದು 130 ಡಾಲರಿಗೆ. ಬಡತನದಲ್ಲಿ ಬಳಲಿದ ಅವರಿಗೆ ಹಕ್ಕು ಹೊಂದಿದ್ದ ಕಂಪನಿ ವಾರ್ಷಿಕ ಪಿಂಚಣಿ ಕೊಟ್ಟು ಹೆಸರು ಹಾಕಲು ಒಪ್ಪಿದ್ದು 1975ರಲ್ಲಿ, ಸೀಗಲ್ ಪತ್ರಿಕೆಗಳ ಮುಂದೆ ಗೋಳು ತೋಡಿಕೊಂಡ ಮೇಲೆ. ಆ 130 ಡಾಲರ್ ಸೇರಿದ್ದ ಹಳೆಯ ಚೆಕ್ ಕೂಡ ಸಂಗ್ರಾಹಕರ ವಸ್ತುವಾಗಿ 2012ರಲ್ಲಿ 1 ಲಕ್ಷ 60 ಸಾವಿರ ಡಾಲರಿಗೆ ಹರಾಜಾಯಿತು.

ಇತ್ತೀಚಿನ ತಲೆನೋವು ಡಬ್ಬಿಯದೇ. 2023ರ ಕೊನೆಗೆ, ಒಳ್ಳೆಯ ಅಂಕದ ಡಬ್ಬಿಗಳಿಗೆ ಕೀಳು ದರ್ಜೆಯ ಪ್ರತಿ ತೂರಿಸಿ ಮಾರಿದ ವಂಚನೆ ಬಯಲಾಯಿತು. ಸಿಜಿಸಿ ಅನುಮಾನದ ಪ್ರತಿಗಳ ಪಟ್ಟಿ ಪ್ರಕಟಿಸಬೇಕಾಯಿತು. ಆ ವಂಚನೆಯನ್ನು ಹಿಡಿದವರು ಹವ್ಯಾಸಿ ಸಂಗ್ರಾಹಕರು: ಹಳೆಯ ಮಾರಾಟಗಳ ಫೋಟೊ ತೆಗೆದು, ಅದೇ ನೋಂದಣಿ ಸಂಖ್ಯೆಯ ಪುಸ್ತಕದ ಮೂಲೆಯ ಮಡಿಕೆ, ಅಚ್ಚಿನ ವಾರೆಗಳನ್ನು ಒಂದೊಂದಾಗಿ ಹೋಲಿಸಿ ನೋಡಿದವರು.