ಕಪಿಲೆಗೆ ನೀರು ತರುವ ಗಾಳಿ: ಮಾರುತ ಮತ್ತು ಸಾಗರಗಳ ನಂಟು

ನಂಜನಗೂಡು ತಾಲ್ಲೂಕಿನ ಚಿಕ್ಕಯ್ಯನಛತ್ರಕ್ಕೂ ಅರಬ್ಬಿ ಸಮುದ್ರಕ್ಕೂ 130 ಕಿಲೋಮೀಟರಿಗಿಂತ ಹೆಚ್ಚಿನ ಅಂತರವಿದೆ. ನಡುವೆ ವಯನಾಡಿನ ಬೆಟ್ಟಸಾಲು ಅಡ್ಡ ನಿಂತಿದೆ. ಆದರೂ ಇಲ್ಲಿನ ಹೊಲಗಳಿಗೆ ಬೀಳುವ ಮಳೆ ಹಾಗೂ ತಾಲ್ಲೂಕಿನಲ್ಲಿ ಹರಿಯುವ ಕಪಿಲೆಯ ನೀರು, ಎರಡರ ಮೂಲವೂ ಬಹುಪಾಲು ಸಾಗರವೇ. ಆ ನೀರನ್ನು ಹೊತ್ತು ತರುವುದು ಗಾಳಿ.

ಈ ಭಾಗದ ರೈತರು ಕಂಡುಕೊಂಡಿರುವ ಸಂಗತಿಯೊಂದಿದೆ. ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ, ಅಂದರೆ ಜುಲೈ ತಿಂಗಳಲ್ಲಿ, ಕಪಿಲೆ ದಡ ಮೀರಿ ಹರಿಯುತ್ತಿದ್ದರೂ ಹೊಲಕ್ಕೆ ಬರುವುದು ತುಂತುರು ಮಾತ್ರ. ಮೈಸೂರು ಸೀಮೆಯಲ್ಲಿ ಹೆಚ್ಚು ಮಳೆಯಾಗುವುದು ಮೇ ಮತ್ತು ಅಕ್ಟೋಬರ್ ತಿಂಗಳುಗಳಲ್ಲಿ. ನದಿಗೊಂದು ಕಾಲ, ಹೊಲಕ್ಕೊಂದು ಕಾಲ ಏಕೆ ಎಂಬುದಕ್ಕೆ ಉತ್ತರ ಜಾಗತಿಕ ಮಾರುತಗಳಲ್ಲಿದೆ.

ಗಾಳಿ ಹುಟ್ಟುವ ಬಗೆ

ಸೂರ್ಯನ ಶಾಖ ಭೂಮಿಯ ಮೇಲೆ ಸಮನಾಗಿ ಬೀಳುವುದಿಲ್ಲ. ಸಮಭಾಜಕ ವೃತ್ತದ ಆಸುಪಾಸಿನಲ್ಲಿ ಕಾದ ಗಾಳಿ ಹಗುರಾಗಿ ಮೇಲೇರಿ, ಎತ್ತರದಲ್ಲಿ ಧ್ರುವಗಳತ್ತ ಸಾಗುತ್ತದೆ. ಸುಮಾರು 30 ಡಿಗ್ರಿ ಅಕ್ಷಾಂಶದ ಬಳಿ ಅದು ಕೆಳಗಿಳಿದು, ನೆಲಮಟ್ಟದಲ್ಲಿ ಮತ್ತೆ ಸಮಭಾಜಕದತ್ತ ಮರಳುತ್ತದೆ. ಹೀಗೆ ಮರಳುವ ಗಾಳಿಯೇ ವಾಣಿಜ್ಯ ಮಾರುತ. ಹಾಯಿ ಹಡಗುಗಳ ಕಾಲದಲ್ಲಿ ಸಾಗರ ವ್ಯಾಪಾರ ನಡೆದದ್ದು ಇದನ್ನು ನಂಬಿಕೊಂಡು.

ಭೂಮಿ ತನ್ನ ಅಕ್ಷದ ಮೇಲೆ ತಿರುಗುವುದರಿಂದ ಗಾಳಿ ನೇರವಾಗಿ ಚಲಿಸುವುದಿಲ್ಲ. ಉತ್ತರಾರ್ಧ ಗೋಳದಲ್ಲಿ ಅದು ತನ್ನ ಬಲಕ್ಕೂ, ದಕ್ಷಿಣಾರ್ಧ ಗೋಳದಲ್ಲಿ ಎಡಕ್ಕೂ ಬಾಗುತ್ತದೆ. ವಾಣಿಜ್ಯ ಮಾರುತಗಳಿಗೂ ಭೂಭ್ರಮಣಕ್ಕೂ ಇರುವ ಸಂಬಂಧವನ್ನು ಇಂಗ್ಲೆಂಡಿನ ಜಾರ್ಜ್ ಹ್ಯಾಡ್ಲಿ 1735ರಷ್ಟು ಹಿಂದೆಯೇ ವಿವರಿಸಿದ್ದ.

ಸಮಭಾಜಕ ದಾಟಿದ ಮೇಲೆ

ಬೇಸಿಗೆಯಲ್ಲಿ ಏಷ್ಯಾದ ಭೂಭಾಗ ಕಾಯುತ್ತಿದ್ದಂತೆ, ಗಾಳಿ ಮೇಲೇರುವ ಪಟ್ಟಿಯೂ ಉತ್ತರಕ್ಕೆ ಸರಿಯುತ್ತದೆ. ಆಗ ಮಾರಿಷಸ್‌ನ ದಕ್ಷಿಣದ ಸಾಗರದಲ್ಲಿರುವ ಅಧಿಕ ಒತ್ತಡದ ವಲಯದಿಂದ ಹೊರಟ ಆಗ್ನೇಯ ಮಾರುತಗಳು ಸಮಭಾಜಕವನ್ನು ದಾಟಿ, ಬಲಕ್ಕೆ ಬಾಗಿ, ನೈರುತ್ಯ ಮಾರುತಗಳಾಗುತ್ತವೆ. ಆಫ್ರಿಕಾದ ಪೂರ್ವದ ಎತ್ತರದ ಭೂಮಿ ಇವುಗಳನ್ನು ತಡೆದು ಕಿರಿದಾದ ಹಾದಿಗೆ ತಳ್ಳುವುದರಿಂದ ಗಾಳಿಯ ವೇಗ ಹೆಚ್ಚುತ್ತದೆ. ಸುಮಾರು ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ ರಭಸದಿಂದ ಹರಿಯುವ ಈ ಪ್ರವಾಹವನ್ನು 1960ರ ದಶಕದಲ್ಲಿ ಬ್ರಿಟನ್ನಿನ ಹವಾಮಾನ ತಜ್ಞ ಜಾನ್ ಫಿಂಡ್ಲೇಟರ್ ಗುರುತಿಸಿದರು. ಮುಂಗಾರಿನ ತೇವಾಂಶ ಭಾರತದ ಕರಾವಳಿ ತಲುಪುವುದು ಬಹುಮಟ್ಟಿಗೆ ಈ ಹಾದಿಯಲ್ಲಿ.

ಗಾಳಿ ಸಾಗರದಿಂದ ಆವಿಯನ್ನು ಪಡೆಯುವುದಷ್ಟೇ ಅಲ್ಲ, ಸಾಗರವನ್ನೂ ಬದಲಾಯಿಸುತ್ತದೆ. ಸೋಮಾಲಿಯಾ ಕರಾವಳಿಗೆ ಸಮಾನಾಂತರವಾಗಿ ಬೀಸುವ ಗಾಳಿ ಮೇಲ್ಪದರದ ನೀರನ್ನು ದಡದಿಂದ ದೂರ ತಳ್ಳುತ್ತದೆ. ತೆರವಾದ ಜಾಗಕ್ಕೆ ಆಳದ ತಂಪು ನೀರು ಏರಿ ಬರುತ್ತದೆ. ಹೀಗಾಗಿ ಮೇ ತಿಂಗಳಲ್ಲಿ ಬೆಚ್ಚಗಿರುವ ಅರಬ್ಬಿ ಸಮುದ್ರ ಮುಂಗಾರು ಬಲಗೊಂಡ ಮೇಲೆ ತಣಿಯುತ್ತದೆ. ಆಳದ ನೀರಿನೊಂದಿಗೆ ಬರುವ ಪೋಷಕಾಂಶಗಳು ಮೀನುಗಳ ಆಹಾರವನ್ನು ವೃದ್ಧಿಸುತ್ತವೆ. ಕರ್ನಾಟಕ, ಕೇರಳ ಕರಾವಳಿಯ ಭೂತಾಯಿ, ಬಂಗುಡೆ ಮೀನುಗಾರಿಕೆಗೂ ಇಂತಹದ್ದೇ ಪ್ರಕ್ರಿಯೆ ಆಧಾರವಾಗಿದೆ.

ವಯನಾಡಿಗೆ ಮಳೆ, ಬಯಲಿಗೆ ಮೋಡ

ತೇವ ಹೊತ್ತ ಗಾಳಿ ಪಶ್ಚಿಮ ಘಟ್ಟವನ್ನು ಏರುವಾಗ ತಣಿದು ಮಳೆ ಸುರಿಸುತ್ತದೆ. ವಯನಾಡಿನ ಪಶ್ಚಿಮ ಅಂಚಿನಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆಯಾದರೆ, ಘಟ್ಟದ ಪೂರ್ವಕ್ಕಿರುವ ಮೈಸೂರಿನಲ್ಲಿ ಆಗುವುದು ಸುಮಾರು 800 ಮಿಲಿಮೀಟರ್. ನಂಜನಗೂಡು ಈ ಮಳೆನೆರಳಿನ ಪ್ರದೇಶದಲ್ಲಿದೆ.

ವಯನಾಡಿನ ಆ ನೀರು ಕಪಿಲೆ ಅಥವಾ ಕಬಿನಿಯಾಗಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೀಚನಹಳ್ಳಿ ಬಳಿಯ ಜಲಾಶಯಕ್ಕೆ ಬರುತ್ತದೆ. 1974ರಲ್ಲಿ ಪೂರ್ಣಗೊಂಡ ಈ ಜಲಾಶಯದ ಸಾಮರ್ಥ್ಯ 19.52 ಟಿಎಂಸಿ ಅಡಿ. ಇದು ಬೇಗ ತುಂಬುವ ಜಲಾಶಯ. ತುಂಬಿದ ಮೇಲೆ ಹೊರಬಿಡುವ ನೀರು ನಂಜನಗೂಡನ್ನು ಹಾದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. 2018 ಮತ್ತು 2019ರ ಆಗಸ್ಟ್‌ನಲ್ಲಿ ಕಪಿಲೆ ಉಕ್ಕಿ ಹರಿದಾಗ ನಂಜನಗೂಡಿನ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿತ್ತು. ಮೈಸೂರು ರಸ್ತೆಯ ಸಂಚಾರಕ್ಕೂ ಅಡಚಣೆಯಾಗಿತ್ತು.

ಹೊಲದ ಮಳೆಯ ಲೆಕ್ಕ ಬೇರೆ. ಮೇ ತಿಂಗಳ ಭರಣಿ, ಕೃತ್ತಿಕೆ ಮಳೆಗಳು ಗುಡುಗು ಸಹಿತ ಬರುವ ಮುಂಗಾರು ಪೂರ್ವ ಮಳೆಗಳು. ಎಳ್ಳು, ಅಲಸಂದೆ, ಹೆಸರು ಬಿತ್ತನೆಗೆ ಇವೇ ಆಧಾರ. ಅಕ್ಟೋಬರ್‌ನಲ್ಲಿ ನೈರುತ್ಯ ಮಾರುತ ಹಿಂದೆ ಸರಿದು ಗಾಳಿಯ ದಿಕ್ಕು ಬದಲಾದಾಗ, ಬಂಗಾಳ ಕೊಲ್ಲಿಯ ತೇವಾಂಶ ಇತ್ತ ಬರುತ್ತದೆ. ಚಿತ್ತಾ, ಸ್ವಾತಿ ಮಳೆಗಳಿಗೆ ಅದು ಕಾರಣ.

ದೂರದ ಸಾಗರದ ಪ್ರಭಾವ

ಪೆಸಿಫಿಕ್ ಸಾಗರದಲ್ಲಿ ವಾಣಿಜ್ಯ ಮಾರುತಗಳು ದುರ್ಬಲಗೊಂಡರೆ ಬೆಚ್ಚಗಿನ ನೀರು ಪೂರ್ವಕ್ಕೆ ಸರಿಯುತ್ತದೆ. ಇದೇ ಎಲ್ ನಿನೊ. ಇಂತಹ ವರ್ಷಗಳಲ್ಲಿ ಭಾರತದ ಮುಂಗಾರು ಸೊರಗುವ ಸಂಭವ ಹೆಚ್ಚು. ಎಲ್ ನಿನೊ ಕಾಣಿಸಿಕೊಂಡ 2023ರ ಆಗಸ್ಟ್, ದೇಶದಲ್ಲಿ 1901ರ ನಂತರದ ಅತ್ಯಂತ ಒಣ ಆಗಸ್ಟ್ ಎನಿಸಿತು. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಣೆಯಾದವು.

ಆದರೆ ಎಲ್ ನಿನೊ ಬಂದಾಗಲೆಲ್ಲ ಬರ ಎನ್ನುವಂತಿಲ್ಲ. ಪ್ರಬಲ ಎಲ್ ನಿನೊ ಇದ್ದ 1997ರಲ್ಲಿ ದೇಶದ ಮುಂಗಾರು ವಾಡಿಕೆಯಂತೆಯೇ ಇತ್ತು. ಹಿಂದೂ ಮಹಾಸಾಗರದ ಪಶ್ಚಿಮ ಭಾಗ ಪೂರ್ವಕ್ಕಿಂತ ಹೆಚ್ಚು ಬೆಚ್ಚಗಿದ್ದರೆ ಮುಂಗಾರಿಗೆ ಅನುಕೂಲವಾಗಬಹುದು. ಸಮಭಾಜಕದ ಬಳಿಯ ಹಿಂದೂ ಮಹಾಸಾಗರದ ಗಾಳಿ, ಮೋಡಗಳ ಏರಿಳಿತಕ್ಕೂ ಮಳೆಗೂ ಇರುವ ನಂಟಿನ ಬಗ್ಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಹ ಸಂಶೋಧಕರು 2004ರಲ್ಲಿ ಗಮನ ಸೆಳೆದಿದ್ದರು.

ಹವಾಮಾನ ಇಲಾಖೆ ಏಪ್ರಿಲ್‌ನಲ್ಲಿ ಮುಂಗಾರಿನ ಮೊದಲ ಮುನ್ಸೂಚನೆ ನೀಡುವಾಗ ಈ ಎರಡೂ ಸಾಗರಗಳ ಸ್ಥಿತಿಯನ್ನು ಪರಿಗಣಿಸುತ್ತದೆ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಆ ಅಂದಾಜು ವಯನಾಡಿಗೆ ಎಷ್ಟು, ಚಿಕ್ಕಯ್ಯನಛತ್ರಕ್ಕೆ ಎಷ್ಟು ಎಂದು ಬಿಡಿಸಿ ಹೇಳುವುದಿಲ್ಲ. ಮುಂಗಾರು ಉತ್ತಮವೆಂಬ ಸುದ್ದಿ ಬಂದ ವರ್ಷವೂ ಜಲಾಶಯ ತುಂಬಿ ಹೊಲ ಒಣಗಿರಬಹುದು. ಆದ್ದರಿಂದ ನಾಲೆಯ ನೀರಿರುವ ರೈತರು ವಯನಾಡಿನ ಮಳೆಯತ್ತ ನೋಡಿದರೆ, ಮಳೆಯಾಶ್ರಿತ ರೈತರು ಮೇ ಮತ್ತು ಅಕ್ಟೋಬರ್ ತಿಂಗಳ ಮೋಡಗಳನ್ನೇ ಕಾಯಬೇಕಾಗುತ್ತದೆ.