ಎರಡು ಮೊಳ, ಒಂದು ಮುಷ್ಟಿ ಕಮ್ಮಿ

ಹೋದ ದಸರೆಗೆ ಸಿರುಗುಪ್ಪದ ಅಕ್ಕನ ಮನೆಗೆ ಹೋಗಿದ್ದೆ. ಅಕ್ಕನ ಮಗ ಬಿದಿರಿನ ಬಿಲ್ಲು ಹಿಡಿದು ನಿಂತಿದ್ದ, ಎಡಗೈ ಹೆಬ್ಬೆರಳಿಗೆ ಬಟ್ಟೆ ಸುತ್ತಿತ್ತು. "ಏನಾತೋ?" ಅಂದೆ. "ಬಾಣ ಗಿಡ್ಡ ಆತು ಮಾಮ. ಜಗ್ಗಿದಾಗ ತುದಿ ಬಿಲ್ಲಿನ ಒಳಗ ಬಂತು, ಬಿಟ್ಟಕೂಡ್ಲೆ ಕೈಗೇ ಚುಚ್ಚಿತು" ಅಂದ. ಪುಣ್ಯಕ್ಕೆ ಮೊನೆ ಚೂಪಿರಲಿಲ್ಲ.

ಹಾಗಾದರೆ ಬಾಣ ಎಷ್ಟುದ್ದ ಇರಬೇಕು? ಬಳ್ಳಾರಿಗೆ ವಾಪಸ್ ಬಂದ ಮೇಲೂ ಪ್ರಶ್ನೆ ತಲೆಯಲ್ಲೇ ಉಳಿಯಿತು.

ವಸಿಷ್ಠರ ಹೆಸರಿನಲ್ಲಿರುವ ಧನುರ್ವೇದ ಸಂಹಿತೆಯಲ್ಲಿ ಉತ್ತರವಿದೆ. ಎರಡು ಮೊಳ ಉದ್ದ, ಅದರಲ್ಲಿ ಒಂದು ಮುಷ್ಟಿ ಕಮ್ಮಿ, ದಪ್ಪ ಕಿರುಬೆರಳಿನಷ್ಟು. ಮೊಳಕ್ಕೆ 24 ಅಂಗುಲ, ಮುಷ್ಟಿಗೆ 4 ಅಂಗುಲ ಹಿಡಿದರೆ 44 ಅಂಗುಲ. ಅಂಗುಲವನ್ನು ಮುಕ್ಕಾಲು ಇಂಚು ಅಂದುಕೊಂಡರೆ 33 ಇಂಚು.

ಈಗ ಬಿಲ್ಲುಗಾರಿಕೆ ಕಲಿಸುವವರ ಲೆಕ್ಕ ಬೇರೆ. ಎರಡೂ ಕೈ ಚಾಚಿ, ಬೆರಳ ತುದಿಯಿಂದ ತುದಿಗೆ ಅಳೆದು ಎರಡೂವರೆಯಿಂದ ಭಾಗಿಸುತ್ತಾರೆ. ಅದು ಹೆದೆ ಎಳೆಯುವ ಉದ್ದ. ಬಾಣ ಅದಕ್ಕಿಂತ ಒಂದಿಂಚಾದರೂ ಹೆಚ್ಚಿರಬೇಕು. ನನ್ನ ಚಾಚು 68 ಇಂಚು, ಅಂದರೆ ಬಾಣ ಸುಮಾರು 28. ಹಳೆಯ ಲೆಕ್ಕದಲ್ಲಿ ನನ್ನದೇ ಮೊಳ ಹಿಡಿದು ಅಳೆದರೆ ಹೆಚ್ಚುಕಮ್ಮಿ 33 ಬಂತು!

ಐದು ಇಂಚು ಎಲ್ಲಿಂದ ಬಂತು? ಕನ್ನಡಿ ಮುಂದೆ ನಿಂತಾಗ ಹೊಳೆಯಿತು. ಈಗಿನವರು ಹೆದೆಯನ್ನು ಗದ್ದಕ್ಕೋ ಬಾಯಿಯ ಅಂಚಿಗೋ ತಂದು ನಿಲ್ಲಿಸುತ್ತಾರೆ. ಹಳಬರದು ಆಕರ್ಣ, ಕಿವಿಯ ತನಕ. ಬಾಯಂಚಿನಿಂದ ಕಿವಿಯ ಹಿಂದಕ್ಕೆ ಸರಿಸುಮಾರು ಅಷ್ಟೇ ದೂರ. ಎರಡು ಲೆಕ್ಕವೂ ಸರಿಯೇ, ಎಳೆಯುವ ರೀತಿ ಬೇರೆ ಅಷ್ಟೆ.

ಬಿಲ್ಲು ಬದಲಾದರೂ ಬಾಣ ಬದಲಾಗುತ್ತದೆ. ಅಲೆಗ್ಸಾಂಡರನ ಕಾಲದ ಭಾರತದ ಬಗ್ಗೆ ಬರೆದ ಗ್ರೀಕ್ ಲೇಖಕ ಆರಿಯನ್, ಇಲ್ಲಿಯ ಕಾಲಾಳುಗಳು ಆಳೆತ್ತರದ ಬಿಲ್ಲನ್ನು ನೆಲಕ್ಕೂರಿ, ಎಡಗಾಲಿನಿಂದ ಒತ್ತಿ ಎಳೆಯುತ್ತಿದ್ದರು, ಬಾಣ ಮೂರು ಮೊಳಕ್ಕೆ ಸ್ವಲ್ಪವೇ ಕಮ್ಮಿ ಎನ್ನುತ್ತಾನೆ.

ನಮ್ಮ ಸೀಮೆಗೂ ಇದು ಹೊರಗಿನ ವಿದ್ಯೆಯೇನಲ್ಲ. ಕುರುಗೋಡಿನ ಸಿಂದರು ಕಲ್ಯಾಣ ಚಾಲುಕ್ಯರ ಸಾಮಂತರು. ಆ ಚಾಲುಕ್ಯರ ಮೂರನೇ ಸೋಮೇಶ್ವರ 1130ರ ಸುಮಾರಿಗೆ ಬರೆದ 'ಮಾನಸೋಲ್ಲಾಸ'ದಲ್ಲಿ ಆಯುಧವಿದ್ಯೆಯ ಪ್ರದರ್ಶನವೂ ರಾಜನ ವಿನೋದಗಳಲ್ಲೊಂದು. ಮುಂದೆ ವಿಜಯನಗರದ ಇಮ್ಮಡಿ ದೇವರಾಯ ಬಹಮನಿಗಳ ಎದುರು ಸೋತಾಗ, ಅವರ ಬಲ ಕುದುರೆ ಮತ್ತು ಬಿಲ್ಲುಗಾರರಲ್ಲಿದೆ ಎಂದು ಸಲಹೆಗಾರರು ಹೇಳಿದರಂತೆ. ಆತ ಮುಸ್ಲಿಂ ಬಿಲ್ಲುಗಾರರನ್ನು ಸೇರಿಸಿಕೊಂಡು ತನ್ನವರಿಗೂ ಕಲಿಸಿದ ಎಂದು ಫೆರಿಶ್ತಾ ಬರೆದಿದ್ದಾನೆ. 1520ರ ಹೊತ್ತಿಗೆ ಬಂದ ಪೋರ್ಚುಗೀಸ್ ಪಯಸ್, ಇಲ್ಲಿಯ ಬಾಣಗಳ ಅಚ್ಚುಕಟ್ಟಾದ ಗರಿಗಳನ್ನು ಮೆಚ್ಚಿಕೊಂಡಿದ್ದಾನೆ.

ನನಗೆ ಇಷ್ಟವಾದದ್ದು ಮೊಳದ ಲೆಕ್ಕವೇ. ಅಳತೆಕೋಲು ಹೊಡೆಯುವವನ ಮೈಯಲ್ಲೇ ಇದೆ. ದೊಡ್ಡವರಿಗೆ ಹೊಂದುವ ಬಾಣ ಹುಡುಗನಿಗೆ ಹೊಂದಬೇಕಿಲ್ಲ. ಆದರೂ ಅನುಮಾನ ಬಂದರೆ ಉದ್ದವನ್ನೇ ಆರಿಸಿ. ಉದ್ದ ಬಾಣ ಭಾರವಾಗುತ್ತದೆ, ಹೆಚ್ಚು ಬಾಗುತ್ತದೆ, ಗುರಿ ತಪ್ಪಬಹುದು; ಆದರೆ ಅದನ್ನು ಕತ್ತರಿಸಿ ಸರಿ ಮಾಡಬಹುದು. ಗಿಡ್ಡ ಬಾಣ ಕೈಯನ್ನೇ ಕೇಳುತ್ತದೆ.

ಮುಂದಿನ ಸಲ ಸಿರುಗುಪ್ಪಕ್ಕೆ ಹೋದಾಗ ಅಳಿಯನ ಮೊಳ ಅಳೆದೆ, 14 ಇಂಚು. ಎರಡು ಮೊಳ 28, ಮುಷ್ಟಿ ಎರಡೂವರೆ ಕಳೆದು ಇಪ್ಪತ್ತೈದೂವರೆ. ಅವನ ಹಳೆಯ ಬಾಣ ಪಕ್ಕಕ್ಕಿಟ್ಟು ನೋಡಿದರೆ ಬರೀ 20! "ಇದು ನನ್ನ ಬಾಣ ಅಲ್ಲೇ ಅಲ್ಲ ಮಾಮ" ಅಂದ. ನಿಜ ತಾನೇ?